3, 4, 5 ಹಿಡಿದರೆ ಮೂಲೆ ಕೂಡುತ್ತೆ ಅನ್ನೋದಕ್ಕೆ ಖಾತ್ರಿ ಎಲ್ಲಿಂದ?

ಹೊಸನಗರ ತೋಟ

ಎಲ್ಲರಿಗೂ ನಮಸ್ಕಾರ. ಅಡಿಕೆ ಸುಲಿಯೋಕೆ, ಬೇಯಿಸೋಕೆ, ಮೋಡ ಕವಿದಾಗ ಅಂಗಳದಲ್ಲಿ ಹರವಿದ್ದನ್ನ ಒಳಗೆ ಎಳೆದುಕೊಳ್ಳೋಕೆ ಅಂತ ಮನೆ ಪಕ್ಕ 30×40 ಅಳತೆಯ ಶೆಡ್ಡು ಕಟ್ಟಿಸ್ತಾ ಇದ್ದೀವಿ. ಪಾಯಕ್ಕೆ ಗುರುತು ಹಾಕುವಾಗ ಮೇಸ್ತ್ರಿ ಮನೆ ಗೋಡೆಗೆ ಸಮಾಂತರವಾಗಿ ಒಂದು ದಾರ ಎಳೆದರು. ಮೂಲೆ ಗೂಟದಿಂದ ಆ ದಾರದ ಮೇಲೆ 4 ಅಡಿಗೆ ಒಂದು ಗುರುತು, ಅಡ್ಡ ದಾರದ ಮೇಲೆ 3 ಅಡಿಗೆ ಇನ್ನೊಂದು. ಎರಡು ಗುರುತಿನ ನಡುವೆ ಟೇಪು ಹಿಡಿಸಿ, ಸರಿಯಾಗಿ 5 ಅಡಿ ಬರೋ ತನಕ ಅಡ್ಡ ದಾರದ ಆಚೆ ತುದಿಯನ್ನ ಸರಿಸಿದರು. ಬಂದ ಕೂಡಲೇ ಗೂಟ ಹೊಡೆದು "ಮೂಲೆ ಕೂಡ್ತು" ಅಂದರು.

ಹತ್ತನೇ ಕ್ಲಾಸಿನ ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳು ಕೇಳಿದ್ದು ಇದು: ಪೈಥಾಗೊರಸ್ ಪ್ರಮೇಯ ಹೇಳೋದು ಲಂಬಕೋನ ಇದ್ದರೆ 9 + 16 = 25 ಆಗುತ್ತೆ ಅಂತ. ಮೇಸ್ತ್ರಿ ಮಾಡಿದ್ದು ಅದರ ಉಲ್ಟಾ. 25 ಬರಿಸಿ, ಅದಕ್ಕೇ ಲಂಬಕೋನ ಇದೆ ಅಂದರು. ಮಳೆ ಬಂದರೆ ಅಂಗಳ ಒದ್ದೆಯಾಗುತ್ತೆ. ಅಂಗಳ ಒದ್ದೆ ಇದೆ ಅಂದ ಮಾತ್ರಕ್ಕೆ ಮಳೆ ಬಂದಿತ್ತು ಅನ್ನೋಕಾಗಲ್ಲ, ಯಾರೋ ನೀರು ಹಾಕಿರಬಹುದು. ಹಾಗೇ 3, 4, 5 ಇದ್ದೂ ಮೂಲೆ ಸೊಟ್ಟ ಇರೋ ತ್ರಿಭುಜ ಇರಬಾರದು ಅಂತ ಯಾಕೆ?

ನನಗೆ ಉತ್ತರ ಹೊಳೆಯಲಿಲ್ಲ. ಪ್ರಶ್ನೆ ಮಾತ್ರ ತುಂಬಾ ಸರಿ ಅನ್ನಿಸಿತು. ತಿಳಿದವರು ಬಿಡಿಸಿ ಹೇಳಬೇಕು.

ಶಿವಮೊಗ್ಗ ಗಾರೆಕೆಲಸ

ಅಣ್ಣಾ, ನಮ್ಮ ಕಸುಬಿನಲ್ಲಿ ಇದನ್ನ ಯಾರೂ ಪ್ರಶ್ನೆ ಮಾಡಿದ್ದು ನಾನು ಕೇಳಿಲ್ಲ. ನನ್ನ ಗುರುಗಳು ಕಲಿಸಿದ್ರು, ಅವರಿಗೆ ಅವರ ಗುರುಗಳು ಕಲಿಸಿದ್ರು. 3-4-5 ಹಿಡಿದು ಕಟ್ಟಿದ ಮನೆಗೆ ಆಮೇಲೆ ಟೈಲ್ಸ್ ಹಾಕುವಾಗ ಗೊತ್ತಾಗುತ್ತೆ. ಮೂಲೆ ಸರಿ ಇದ್ದರೆ ಟೈಲ್ಸ್ ಗೋಡೆ ಉದ್ದಕ್ಕೂ ಒಂದೇ ಸಮ ಕೂರುತ್ತೆ, ಇಲ್ಲದಿದ್ದರೆ ಕೊನೇ ಸಾಲಿನಲ್ಲಿ ಒಂದು ತುದಿಗೆ ಅರ್ಧ ಟೈಲು, ಇನ್ನೊಂದು ತುದಿಗೆ ಕಾಲು ಟೈಲು. 3-4-5 ಹಿಡಿದದ್ದು ಕೈಕೊಟ್ಟಿದ್ದನ್ನ ನಾನು ನೋಡಿಲ್ಲ. ಆದರೆ "ಯಾಕೆ" ಅಂತ ಹುಡುಗಿ ಕೇಳಿದ್ದಕ್ಕೆ ನನ್ನ ಅನುಭವ ಉತ್ತರ ಅಲ್ಲ ಅಂತಾನೂ ಗೊತ್ತು. ಮೇಷ್ಟ್ರು ಯಾರಾದ್ರೂ ಬನ್ನಿ.

ತೀರ್ಥಹಳ್ಳಿ ಮೇಷ್ಟ್ರು

ಬಂದೆ ಮಾರಾಯ್ರೆ. ಆ ಹುಡುಗಿಗೆ ಮೊದಲು ಶಭಾಸ್ ಹೇಳಿ. ಒಂದು ಮಾತು ನಿಜ ಅಂದ ಮಾತ್ರಕ್ಕೆ ಅದರ ತಿರುವುಮುರುವು ನಿಜ ಆಗಬೇಕಿಲ್ಲ ಅನ್ನೋದು ಗಣಿತದ ಅರ್ಧ ಶಿಸ್ತು. ಈ ವಿಷಯದಲ್ಲಿ ತಿರುವುಮುರುವೂ ನಿಜ. ಆದರೆ ಅದಕ್ಕೆ ಬೇರೆಯೇ ಸಾಧನೆ ಬೇಕು. ಅದನ್ನು ವಿಲೋಮ ಪ್ರಮೇಯ ಎನ್ನುತ್ತೇವೆ. ಕ್ರಿ.ಪೂ. 300ರ ಸುಮಾರಿನಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ಜ್ಯಾಮಿತಿ ಗ್ರಂಥದ ಮೊದಲ ಸಂಪುಟದ 47ನೇ ಪ್ರಮೇಯವಾಗಿ ನಮಗೆಲ್ಲ ಗೊತ್ತಿರುವುದನ್ನು ಸಾಧಿಸಿದ. ಅಲ್ಲಿಗೇ ನಿಲ್ಲಿಸದೆ 48ನೆಯದಾಗಿ ವಿಲೋಮವನ್ನು ಸಾಧಿಸಿ, ಆಮೇಲೆ ಆ ಸಂಪುಟ ಮುಗಿಸಿದ. ನಿಮ್ಮ ಮೇಸ್ತ್ರಿ ನಿಂತಿರುವುದು 48ರ ಮೇಲೆ.

ಕೈಯಲ್ಲೇ ಮಾಡಿ ನೋಡುವ ದಾರಿ ಹೇಳುತ್ತೇನೆ. 4 ಅಡಿಯ ಒಂದು ಕೋಲು ನೆಲದ ಮೇಲಿಡಿ. ಅದರ ಒಂದು ತುದಿಗೆ 3 ಅಡಿಯ ಕೋಲನ್ನು ಮೊಳೆ ಹೊಡೆದು ತಿರುಗುವಂತೆ ಕೂಡಿಸಿ. ಚಿಕ್ಕ ಕೋಲನ್ನು ದೊಡ್ಡದರ ಮೇಲೆ ಮಡಚಿದಾಗ ಬಿಟ್ಟ ತುದಿಗಳ ನಡುವೆ 1 ಅಡಿ ದೂರ. ನಿಧಾನ ಬಿಡಿಸುತ್ತ ಹೋಗಿ. ದೂರ ಹೆಚ್ಚುತ್ತಲೇ ಹೋಗುತ್ತದೆ, ಎಲ್ಲೂ ಹಿಂದಕ್ಕೆ ಬರುವುದಿಲ್ಲ. ಪೂರ್ತಿ ಬಿಡಿಸಿ ಎರಡೂ ಒಂದೇ ಗೆರೆಗೆ ಬಂದಾಗ 7 ಅಡಿ. ಅಂದರೆ 1ರಿಂದ 7ರವರೆಗಿನ ಪ್ರತಿ ದೂರವೂ ಒಂದೇ ಒಂದು ಸಲ, ಒಂದೇ ಒಂದು ಕೋನದಲ್ಲಿ ಸಿಗುತ್ತದೆ. 5 ಅಡಿ ಯಾವ ಕೋನದಲ್ಲಿ ಸಿಗುತ್ತದೆ? ಕೋನ ಸರಿಯಾಗಿ 90 ಡಿಗ್ರಿ ಆದಾಗ ದೂರ 5 ಆಗಲೇಬೇಕು ಅಂತ ಮೂಲ ಪ್ರಮೇಯ ಹೇಳಿಬಿಟ್ಟಿದೆ. 5 ಬರುವ ಜಾಗ ಒಂದೇ, ಆ ಒಂದು ಜಾಗ 90ಕ್ಕೆ ಮೀಸಲು. ಬೇರೆ ಕೋನಕ್ಕೆ 5 ಉಳಿದೇ ಇಲ್ಲ.

ಶಾಲೆಯ ಭಾಷೆಯಲ್ಲಿ ಬೇಕಾದರೆ ಇದೇ ಮಾತು ಹೀಗೆ: 3 ಮತ್ತು 4 ಬಾಹುಗಳಿರುವ ನಿಜವಾದ ಲಂಬಕೋನ ತ್ರಿಭುಜವೊಂದನ್ನು ಪಕ್ಕದಲ್ಲಿ ಬರೆಯಿರಿ. ಪ್ರಮೇಯದ ಪ್ರಕಾರ ಅದರ ವಿಕರ್ಣ, ಅಂದರೆ ಲಂಬಕೋನದ ಎದುರಿನ ಬಾಹು, 5. ಈಗ ಮೇಸ್ತ್ರಿಯ ತ್ರಿಭುಜ, ನಮ್ಮ ತ್ರಿಭುಜ ಎರಡರ ಮೂರೂ ಬಾಹು ಸಮ. ಬಾಹು-ಬಾಹು-ಬಾಹು ನಿಯಮದಿಂದ ಎರಡೂ ಸರ್ವಸಮ. ನಮ್ಮದರಲ್ಲಿ ಲಂಬಕೋನ ಇದ್ದರೆ ಅವರದರಲ್ಲೂ ಇದೆ.

ಅಂಗಳದ ಉದಾಹರಣೆಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಅಂಗಳ ಒದ್ದೆಯಾಗೋಕೆ ಬೇರೆ ದಾರಿಗಳಿವೆ, 5 ಬರೋಕೆ ಬೇರೆ ದಾರಿ ಇಲ್ಲ.

ಶಿವಮೊಗ್ಗ ಗಾರೆಕೆಲಸ

ಮೇಷ್ಟ್ರೇ, ಕೋಲು ಬಿಡಿಸೋ ಮಾತು ತುಂಬಾ ಚೆನ್ನಾಗಿದೆ. ನಾವು ಕೆಲಸದಲ್ಲಿ ಬಳಸೋದೂ ಅದನ್ನೇ. ಟೇಪಿನಲ್ಲಿ 5 ಅಡಿ ದಾಟಿದರೆ ಮೂಲೆ ಬಿಚ್ಚಿದೆ, ದಾರ ಒಳಗೆ ತರಬೇಕು. 5ಕ್ಕೆ ಕಮ್ಮಿ ಬಂದರೆ ಮೂಲೆ ಮುಚ್ಚಿದೆ, ಹೊರಗೆ ಸರಿಸಬೇಕು. ಇಷ್ಟು ಹೇಳಿಕೊಟ್ಟರೆ ಹೊಸ ಹುಡುಗರು ಎರಡು ನಿಮಿಷದಲ್ಲಿ ಮೂಲೆ ಕೂಡಿಸ್ತಾರೆ.

ಹೊಸನಗರದ ಅಣ್ಣನಿಗೆ ಒಂದು ಮಾತು. 40 ಅಡಿ ಗೋಡೆಗೆ 3-4-5 ಅಡಿ ತೀರಾ ಚಿಕ್ಕದು. ಜಾಗ ಇದ್ದ ಕಡೆ ನಾವು 12-16-20 ಹಿಡೀತೀವಿ, ಇಲ್ಲ ಅಂದ್ರೆ 9-12-15 ಆದ್ರೂ ಹಿಡೀತೀವಿ. ದಾರದ ದಪ್ಪ, ಪೆನ್ಸಿಲ್ ಗುರುತಿನ ದಪ್ಪ, ಟೇಪಿನ ಕೊಕ್ಕೆಯ ಅಲುಗಾಟ ಎಲ್ಲಾ ಸೇರಿ ಅರ್ಧ ಇಂಚು ಆ ಕಡೆ ಈ ಕಡೆ ಆಗೋದು ಸಹಜ. ಚಿಕ್ಕ ಅಳತೆಯಲ್ಲಿ ಆ ಅರ್ಧ ಇಂಚೇ ಗೋಡೆ ಕೆಡಿಸುತ್ತೆ.

ಸೊರಬದ ಹುಡುಗಿ

ಅಣ್ಣ ಹೇಳಿದ್ದನ್ನ ಲೆಕ್ಕ ಹಾಕಿ ನೋಡಿದೆ. 3-4-5 ಹಿಡಿದಾಗ ಕೊನೆಯ ಅಳತೆ 5 ಅಡಿ ಬದಲು 5 ಅಡಿ ಅರ್ಧ ಇಂಚು ಆದರೆ ಮೂಲೆ ಸುಮಾರು 1 ಡಿಗ್ರಿ ಬಿಚ್ಚಿಕೊಳ್ಳುತ್ತೆ. ಕೇಳೋಕೆ ಒಂದೇ ಡಿಗ್ರಿ. ಆದರೆ ಅದೇ ದಾರವನ್ನ 40 ಅಡಿ ತನಕ ಎಳೆದರೆ ಆ ತುದಿ ಸುಮಾರು 8 ಇಂಚು ಆಚೆ ಹೋಗಿರುತ್ತೆ. 12-16-20ರಲ್ಲಿ ಅದೇ ಅರ್ಧ ಇಂಚು ವ್ಯತ್ಯಾಸ ಬಂದರೆ 40 ಅಡಿಯ ತುದಿಯಲ್ಲಿ 2 ಇಂಚು ಚಿಲ್ಲರೆ. ತ್ರಿಭುಜ ನಾಲ್ಕು ಪಟ್ಟು ದೊಡ್ಡದಾದರೆ ತಪ್ಪು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತೆ.

ನಿಮ್ಮ ಶೆಡ್ಡಿಗಂತೂ ಅನುಕೂಲವೇ ಇದೆ. 30, 40 ಅಂದರೆ 3, 4ರ ಹತ್ತು ಪಟ್ಟು. ಹಾಗಾಗಿ ಮೂಲೆಯಿಂದ ಎದುರು ಮೂಲೆಗೆ ಸರಿಯಾಗಿ 50 ಅಡಿ ಬರಬೇಕು. ಶಿವಮೊಗ್ಗದಲ್ಲಿ 30×40 ಸೈಟು ಕೊಂಡವರೆಲ್ಲ 50 ಅಡಿ ಟೇಪು ಹಿಡಿದು ಹೋಗಿ ಇದನ್ನ ನೋಡಬಹುದು. 40×60 ಸೈಟಿನವರಿಗೆ ಪೂರ್ಣ ಸಂಖ್ಯೆ ಸಿಗಲ್ಲ, 72 ಅಡಿ 1⅓ ಇಂಚು.

ಹೊಸನಗರ ತೋಟ

ಮೇಷ್ಟ್ರಿಗೆ, ಎಲ್ಲರಿಗೂ ಧನ್ಯವಾದ. ಕೋಲು ಬಿಡಿಸೋದನ್ನ ಮಗಳು ಎರಡು ಸ್ಕೇಲು ಇಟ್ಟುಕೊಂಡು ಮಾಡಿದಳು, ಒಪ್ಪಿದಳು. ಆದರೆ ಈಗ ಅವಳದು ಹೊಸ ತಕರಾರು: "ಎಲ್ಲಾ ನಿಂತಿರೋದು ಮೂಲ ಪ್ರಮೇಯದ ಮೇಲೆ. ಅದನ್ನ ಪುಸ್ತಕದಲ್ಲಿ ಸಮರೂಪ ತ್ರಿಭುಜ ಹಿಡಿದು ಸಾಧಿಸಿದಾರೆ, ಹಂತ ಹಂತ ಬಾಯಿಪಾಠ ಇದೆ, ಕಣ್ಣಿಗೆ ಕಾಣಲ್ಲ." ಕಣ್ಣಿಗೆ ಕಾಣೋ ಹಾಗೆ ತೋರಿಸೋದು ಇದೆಯಾ?

ಸೊರಬದ ಹುಡುಗಿ

ಇದೆ, ನನಗೆ ತುಂಬಾ ಇಷ್ಟವಾದದ್ದು. ರಟ್ಟಿನ ಡಬ್ಬ ಒಂದು ಇದ್ದರೆ ಸಾಕು.

3 ಇಂಚು, 4 ಇಂಚು ಬಾಹು ಇರೋ ಲಂಬಕೋನ ತ್ರಿಭುಜ ನಾಲ್ಕು ಕತ್ತರಿಸಿಕೊಳ್ಳಲಿ, ನಾಲ್ಕೂ ಒಂದೇ ಅಳತೆ. ಬೇರೆ ಹಾಳೆಯಲ್ಲಿ 7 ಇಂಚಿನ ಚೌಕ ಬರೆಯಲಿ. ಈಗ ಚೌಕದ ನಾಲ್ಕು ಮೂಲೆಗೆ ನಾಲ್ಕು ತ್ರಿಭುಜದ ಲಂಬಕೋನ ಬರೋ ಹಾಗೆ, ಪ್ರತಿ ಅಂಚಿನಲ್ಲಿ ಒಂದರ 3, ಇನ್ನೊಂದರ 4 ಸೇರಿ 7 ಆಗೋ ಹಾಗೆ ಇಡಲಿ. ನಡುವೆ ಓರೆಯಾಗಿ ಒಂದು ಖಾಲಿ ಜಾಗ ಉಳಿಯುತ್ತೆ. ಅದರ ನಾಲ್ಕು ಅಂಚೂ ತ್ರಿಭುಜಗಳ ವಿಕರ್ಣ. ಅದು ಚೌಕವೇ ಅಂತ ಹೇಗೆ ಗೊತ್ತು? ದೊಡ್ಡ ಚೌಕದ ಪ್ರತಿ ಅಂಚಿನ ಮೇಲೆ ಒಂದು ತ್ರಿಭುಜದ ಚೂಪು ಕೋನ, ಇನ್ನೊಂದು ತ್ರಿಭುಜದ ಇನ್ನೊಂದು ಚೂಪು ಕೋನ ಬಂದು ಸೇರುತ್ತವೆ. ಅವೆರಡರ ಮೊತ್ತ 90. ನೇರ ಗೆರೆಯ 180ರಲ್ಲಿ ಅದು ಹೋದರೆ ನಡುವೆ ಉಳಿಯೋದು 90. ಹಾಗಾಗಿ ಖಾಲಿ ಜಾಗ ವಿಕರ್ಣದ ಮೇಲಿನ ಚೌಕ.

ಈಗ ಅದೇ ನಾಲ್ಕು ತ್ರಿಭುಜ ಎತ್ತಿ, ಎರಡೆರಡು ಜೋಡಿಸಿ 3×4ರ ಎರಡು ಆಯತ ಮಾಡಿ, ಅದೇ 7 ಇಂಚಿನ ಚೌಕದ ಎದುರುಬದುರು ಮೂಲೆಗೆ ಒಂದನ್ನ ಉದ್ದಕ್ಕೆ, ಇನ್ನೊಂದನ್ನ ಅಡ್ಡಕ್ಕೆ ಇಡಲಿ. ಈ ಸಲ ಖಾಲಿ ಉಳಿಯೋದು ಎರಡು ಚೌಕ, ಒಂದು 3ರದು, ಒಂದು 4ರದು.

ದೊಡ್ಡ ಚೌಕ ಅದೇ, ತ್ರಿಭುಜಗಳು ಅವೇ. ಜಾಗ ಬದಲಾಯಿಸಿದ ಮಾತ್ರಕ್ಕೆ ಖಾಲಿ ಉಳಿಯೋ ವಿಸ್ತೀರ್ಣ ಹೆಚ್ಚು ಕಮ್ಮಿ ಆಗಲ್ಲ. ಮೊದಲ ಸಲದ ಖಾಲಿ 25, ಎರಡನೇ ಸಲದ ಖಾಲಿ 9 ಮತ್ತು 16. ಇಲ್ಲಿ 3, 4 ಅನ್ನೋದಕ್ಕೆ ವಿಶೇಷ ಏನೂ ಇಲ್ಲ, ಯಾವ ಲಂಬಕೋನ ತ್ರಿಭುಜ ಕತ್ತರಿಸಿದರೂ ಇದೇ ಆಟ ನಡೆಯುತ್ತೆ. ಬೇಕಾದರೆ 2 ಇಂಚು, 5 ಇಂಚಿನದು ಕತ್ತರಿಸಿ ನೋಡಲಿ.

ತೀರ್ಥಹಳ್ಳಿ ಮೇಷ್ಟ್ರು

ಸೊರಬದ ತಂಗಿ, ಇದಕ್ಕಿಂತ ಚೆನ್ನಾಗಿ ಹೇಳೋಕೆ ಆಗಲ್ಲ. ಆ ಹುಡುಗಿಗೆ ಇನ್ನೊಂದು ಸುದ್ದಿ ತಿಳಿಸಿ. ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಇಬ್ಬರು ಹೈಸ್ಕೂಲ್ ಹುಡುಗಿಯರು ತ್ರಿಕೋನಮಿತಿ ಬಳಸಿ ಈ ಪ್ರಮೇಯಕ್ಕೆ ಹೊಸ ಸಾಧನೆ ಕಂಡುಹಿಡಿದು 2023ರಲ್ಲಿ ಗಣಿತಜ್ಞರ ಸಭೆಯ ಮುಂದಿಟ್ಟರು. 2024ರಲ್ಲಿ ಅದು ಗಣಿತದ ಪತ್ರಿಕೆಯಲ್ಲಿ ಅಚ್ಚಾಯಿತು. 1876ರಲ್ಲಿ ಗಾರ್ಫೀಲ್ಡ್ ಎಂಬ ರಾಜಕಾರಣಿ ತ್ರಾಪಿಜ್ಯ ಬಳಸಿ ಒಂದು ಸಾಧನೆ ಕೊಟ್ಟ. ಆಮೇಲೆ ಅವನೇ ಅಮೆರಿಕದ ಅಧ್ಯಕ್ಷನಾದ. ಇಷ್ಟು ಹಳೆಯ ವಿಷಯದಲ್ಲೂ ಹತ್ತನೇ ಕ್ಲಾಸಿನವರಿಗೆ ಮಾಡೋಕೆ ಕೆಲಸ ಉಳಿದಿದೆ.

ರಿಪ್ಪನ್‌ಪೇಟೆ

ನಮ್ಮ ಕಡೆ ಪಾಯ ಹಾಕುವಾಗ 3-4-5 ಹಿಡಿಯೋದೇ ಇಲ್ಲ. ನಾಲ್ಕು ಗೂಟ ಹೊಡೆದು ಎರಡೂ ಕ್ರಾಸ್ ಅಳತೆ (ಮೂಲೆಯಿಂದ ಎದುರು ಮೂಲೆಗೆ) ನೋಡ್ತಾರೆ, ಎರಡೂ ಸಮ ಬಂದರೆ ಮುಗೀತು ಅಂತಾರೆ. ಅಷ್ಟು ಸಾಕಾ?

ಸೊರಬದ ಹುಡುಗಿ

ಬರೀ ಕ್ರಾಸ್ ಸಮ ಇದ್ದರೆ ಸಾಲದು. ಒಂದು ಗೋಡೆ 40, ಎದುರಿನದು 39, ಪಕ್ಕದವು ಎರಡೂ 30 ಇರೋ ತ್ರಾಪಿಜ್ಯ ಯೋಚಿಸಿ. ಅದರ ಎರಡೂ ಕ್ರಾಸ್ 49 ಅಡಿ 7 ಇಂಚು ಬರುತ್ತೆ, ಎರಡೂ ಸಮ. ಆದರೆ ಒಂದು ಮೂಲೆಯೂ ಲಂಬ ಅಲ್ಲ. ಹಾಗಾಗಿ ಮೊದಲು ಎದುರುಬದುರು ಗೋಡೆ ಸಮ ಇದೆಯಾ ನೋಡಬೇಕು, ಆಮೇಲೆ ಕ್ರಾಸ್. ಎರಡೂ ಸೇರಿದರೆ ಮಾತ್ರ ಆಯತ ಖಾತ್ರಿ.

ಇದಕ್ಕೆ ತಿರುಗಾ ಇನ್ನೊಂದಿದೆ. ನಾಲ್ಕೂ ಗೋಡೆ ಸರಿ ಇದ್ದು ಚೌಕಟ್ಟು ವಾಲಿದ್ದರೆ ಒಂದು ಕ್ರಾಸ್ ಉದ್ದ, ಇನ್ನೊಂದು ಗಿಡ್ಡ ಆಗುತ್ತೆ. ಆಗಲೂ ಎರಡು ಕ್ರಾಸಿನ ವರ್ಗಗಳ ಮೊತ್ತ ಬದಲಾಗಲ್ಲ. 30×40ಕ್ಕೆ ಅದು ಯಾವಾಗಲೂ 5000. ಒಂದು ಕ್ರಾಸ್ 51 ಬಂದರೆ ಇನ್ನೊಂದು 48 ಅಡಿ 11¾ ಇಂಚು ಬಂದಿರಲೇಬೇಕು. ಬರಲಿಲ್ಲ ಅಂದರೆ ಮೂಲೆ ನೋಡೋದಕ್ಕೆ ಮುಂಚೆ ಗೋಡೆಯ ಅಳತೆಯನ್ನೇ ಇನ್ನೊಮ್ಮೆ ಹಿಡೀರಿ.

ಶಿವಮೊಗ್ಗ ಗಾರೆಕೆಲಸ

5000ದ ಮಾತು ನನಗೆ ಹೊಸದು, ಬರೆದಿಟ್ಟುಕೊಂಡೆ. ನಾವು ಮಾಡೋದು ಹೀಗೆ: ಕ್ರಾಸ್ ಹೆಚ್ಚು ಕಮ್ಮಿ ಬಂದರೆ ಮೊದಲ ಗೋಡೆಯ ಗೂಟ ಮುಟ್ಟಲ್ಲ, ಎದುರು ಗೋಡೆಯ ಎರಡೂ ಗೂಟವನ್ನ ಒಟ್ಟಿಗೆ, ಉದ್ದ ಕ್ರಾಸ್ ಗಿಡ್ಡ ಆಗೋ ದಿಕ್ಕಿಗೆ ಸರಿಸ್ತೀವಿ. ಒಂದೇ ಗೂಟ ಸರಿಸಿದರೆ ಗೋಡೆ ಅಳತೆ ಕೆಡುತ್ತೆ. ಟೇಪು ಜೋಲು ಬೀಳಬಾರದು. ನೆಲ ಏರುಪೇರಿದ್ದರೆ ನೀರಿನ ಪೈಪು ಹಿಡಿದು ಗೂಟದ ತಲೆಗಳನ್ನ ಒಂದೇ ಮಟ್ಟಕ್ಕೆ ತಂದು ಆಮೇಲೆ ಅಳೀಬೇಕು.

ತುಂಗಾತೀರ

ಚರ್ಚೆ ಇಷ್ಟು ದೂರ ಬಂದು ಶುಲ್ಬಸೂತ್ರಗಳ ಹೆಸರು ಬರಲಿಲ್ಲವಲ್ಲ. ಯಜ್ಞವೇದಿಗಳನ್ನು ಹಗ್ಗ, ಗೂಟ ಹಿಡಿದು ಅಳೆಯುವ ವಿಧಾನ ಹೇಳುವ ಗ್ರಂಥಗಳು ಅವು. ಬೌಧಾಯನ ಕ್ರಿ.ಪೂ. 800ರ ಆಸುಪಾಸಿನವನು ಎನ್ನುತ್ತಾರೆ. ಅವನ ಸೂತ್ರ: "ದೀರ್ಘಚತುರಶ್ರಸ್ಯಾಕ್ಷ್ಣಯಾ ರಜ್ಜುಃ ಪಾರ್ಶ್ವಮಾನೀ ತಿರ್ಯಙ್ಮಾನೀ ಚ ಯತ್ಪೃಥಗ್ಭೂತೇ ಕುರುತಸ್ತದುಭಯಂ ಕರೋತಿ." ಆಯತದ ಉದ್ದದ ಬದಿಯೂ ಅಡ್ಡದ ಬದಿಯೂ ಬೇರೆಬೇರೆಯಾಗಿ ಎಷ್ಟು ಕ್ಷೇತ್ರ ಮಾಡುತ್ತವೋ, ಓರೆ ಹಗ್ಗ ಒಂದೇ ಅಷ್ಟನ್ನೂ ಮಾಡುತ್ತದೆ ಎಂದರ್ಥ. ಅದರ ಬೆನ್ನಿಗೇ 3-4, 12-5, 15-8, 7-24, 12-35, 15-36 ಎಂದು ಉದಾಹರಣೆ ಕೊಡುತ್ತಾನೆ.

ಆದರೆ ಈ ಚರ್ಚೆಗೆ ಇನ್ನೂ ಹತ್ತಿರದ್ದು ಇನ್ನೊಬ್ಬ ಶುಲ್ಬಸೂತ್ರಕಾರ ಆಪಸ್ತಂಬ ಹೇಳುವ ಮಹಾವೇದಿ ಎಂಬ ದೊಡ್ಡ ಯಜ್ಞವೇದಿ. ಪೂರ್ವ-ಪಶ್ಚಿಮವಾಗಿ 36 ಅಳತೆಯ ದೂರಕ್ಕೆ ಎರಡು ಗೂಟ. 36ಕ್ಕೆ 18 ಸೇರಿಸಿ 54 ಅಳತೆಯ ಹಗ್ಗ. ಒಂದು ತುದಿಯಿಂದ 15ಕ್ಕೆ ಗುರುತು. ಹಗ್ಗದ ಎರಡು ತುದಿಗಳನ್ನು ಎರಡು ಗೂಟಕ್ಕೆ ಕಟ್ಟಿ, ಗುರುತು ಹಿಡಿದು ಪಕ್ಕಕ್ಕೆ ಬಿಗಿಯಾಗಿ ಎಳೆದರೆ 15, 36, 39ರ ತ್ರಿಭುಜ ನಿಲ್ಲುತ್ತದೆ. 225 ಮತ್ತು 1296 ಸೇರಿ 1521, ಅದು 39ರ ವರ್ಗ. ಹಗ್ಗ ಎಳೆದವನಿಗೆ ಬೇಕಿದ್ದದ್ದು ಗೂಟದ ಬುಡದ ನೇರ ಮೂಲೆ. ಮೂರು ಅಳತೆ ಮೊದಲು, ಮೂಲೆ ಆಮೇಲೆ. ಹೊಸನಗರದ ಮೇಸ್ತ್ರಿ ಮಾಡಿದ್ದು ಅಕ್ಷರಶಃ ಅದನ್ನೇ.

ರಿಪ್ಪನ್‌ಪೇಟೆ

ಹಾಗಾದರೆ ಇದು ಪೈಥಾಗೊರಸ್ ಪ್ರಮೇಯ ಅಲ್ಲವೇ ಅಲ್ಲ, ನಮ್ಮದೇ ಅನ್ನಬಹುದಲ್ಲ? ಶಾಲೆಯಲ್ಲಿ ಯಾಕೆ ಹೇಳಿಕೊಡಲ್ಲ?

ತೀರ್ಥಹಳ್ಳಿ ಮೇಷ್ಟ್ರು

ಬೌಧಾಯನನ ಸೂತ್ರ ಪ್ರತಿ ಮಗುವಿಗೂ ಹೇಳಿಕೊಡಬೇಕು, ಅದರಲ್ಲಿ ನನ್ನದು ಎರಡು ಮಾತಿಲ್ಲ. ಹಾಗೆಂದು ಮೊದಲಿಗರು ನಾವೇ ಅಂತ ಬರೆಸುವುದಕ್ಕೆ ನಾನು ಒಪ್ಪುವುದಿಲ್ಲ. ಬಾಬಿಲೋನಿಯಾದ ಒಂದು ಮಣ್ಣಿನ ಫಲಕ ಇದೆ, ಪ್ಲಿಂಪ್ಟನ್ 322 ಅಂತ ಹೆಸರು, ಈಗ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದೆ. ಕ್ರಿ.ಪೂ. 1800ರ ಸುಮಾರಿನದು. ಅದರ 15 ಸಾಲುಗಳಲ್ಲಿ ಇಂಥ ತ್ರಿಭುಜಗಳ ಅಳತೆಗಳಿವೆ. ಒಂದು ಸಾಲಿನಲ್ಲಿ ಒಂದು ಬಾಹು 12709, ವಿಕರ್ಣ 18541. ಉಳಿದ ಬಾಹು 13500 ಆಗುತ್ತದೆ. ಕ್ಯಾಲ್ಕುಲೇಟರ್ ಹಿಡಿದು ನೋಡಿ, ಒಂದಂಕಿಯೂ ತಪ್ಪಿಲ್ಲ. ಚೀನಾದವರೂ ತಮ್ಮಷ್ಟಕ್ಕೆ ತಾವು ಇದನ್ನು ಬಲ್ಲವರಾಗಿದ್ದರು. ಶುಲ್ಬಸೂತ್ರ ನಿಯಮ ಹೇಳುತ್ತದೆ, ಸಾಧನೆ ಬರೆಯುವುದಿಲ್ಲ. ಯೂಕ್ಲಿಡ್ ಸಾಧನೆ ಬರೆದ, ಹಗ್ಗದ ಕೆಲಸ ಹೇಳಲಿಲ್ಲ. ಈ ಹುಡುಗಿಯ ಪ್ರಶ್ನೆಗೆ ಎರಡೂ ಬೇಕಾಯಿತು.

ಸಾಗರ ಸರ್ವೆ (ನಿವೃತ್ತ)

ಗಾರೆಕೆಲಸದವರು ಏರುಪೇರು ನೆಲದ ಮಾತೆತ್ತಿದ್ದು ಒಳ್ಳೆಯದಾಯಿತು. ಮಲೆನಾಡಿನಲ್ಲಿ ಅತಿ ಹೆಚ್ಚು ಜಗಳ ಹುಟ್ಟುವುದು ಅಲ್ಲೇ. "ಟೇಪು ಹಿಡಿದರೆ 65 ಅಡಿ ಇದೆ, ನಕ್ಷೆಯಲ್ಲಿ 60 ಅಂತಿದೆ, 5 ಅಡಿ ಯಾರು ನುಂಗಿದರು" ಅಂತ ಜನ ಕಚೇರಿಗೆ ಬರುತ್ತಾರೆ. ಯಾರೂ ನುಂಗಿಲ್ಲ. ಆ 65 ಅಡಿ ಗುಡ್ಡದ ಓರೆಯ ಮೇಲೆ ಹಾಸಿ ಅಳೆದದ್ದು. ಮೇಲಿನ ತುದಿ ಕೆಳಗಿನದಕ್ಕಿಂತ 25 ಅಡಿ ಎತ್ತರದಲ್ಲಿದ್ದರೆ ಸಮತಟ್ಟು ದೂರ ಸರಿಯಾಗಿ 60. 5-12-13ರ ಐದು ಪಟ್ಟು. ಪಹಣಿಯಲ್ಲಿ, ನಕ್ಷೆಯಲ್ಲಿ ಬರೆಯುವುದು ಸಮತಟ್ಟು ದೂರ, ಸಮತಟ್ಟು ವಿಸ್ತೀರ್ಣ.

ನಮ್ಮ ಹಳೆಯ ಚೈನು 33 ಅಡಿ, 16 ಆಣೆ. ಒಂದು ಚದರ ಚೈನು 1089 ಚದರಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಆ ಚೈನನ್ನು ಇಳಿಜಾರಿನಲ್ಲಿ ಹಾಸಿ ಎಳೆದು, ಮೇಲಿನ ತುದಿ 6 ಅಡಿ ಎತ್ತರದಲ್ಲಿದ್ದರೆ ನಿಜವಾದ ದೂರ 32 ಅಡಿ ಐದೂವರೆ ಇಂಚು. ಚೈನಿಗೆ ಆರೂವರೆ ಇಂಚಿನಷ್ಟು ಸುಳ್ಳು. ಹತ್ತು ಚೈನಿಗೆ ಐದಡಿ ದಾಟುತ್ತದೆ. ಆದ್ದರಿಂದ ಗುಡ್ಡದಲ್ಲಿ ಚೈನನ್ನು ಪೂರ್ತಿ ಬಿಡುವುದಿಲ್ಲ. ಚಿಕ್ಕ ಚಿಕ್ಕ ತುಂಡಾಗಿ ಮಟ್ಟಸವಾಗಿ ಹಿಡಿದು, ತೂಗುಗುಂಡು ಇಳಿಬಿಟ್ಟು, ಅದು ನೆಲ ಮುಟ್ಟಿದ ಕಡೆಯಿಂದ ಮುಂದಿನ ತುಂಡು ಹಿಡಿಯಬೇಕು. ಮೆಟ್ಟಿಲು ಇಳಿದ ಹಾಗೆಯೇ ಹೋಗುತ್ತದೆ ಅಳತೆ.

ಅಡಿಕೆ ಹಾಕುವವರೂ ಇದನ್ನು ಗಮನಿಸಬೇಕು. ಮರ ಬೆಳೆಯುವುದು ನೆಟ್ಟಗೆ, ಗುಡ್ಡಕ್ಕೆ ಲಂಬವಾಗಿ ಅಲ್ಲ. ಮರದಿಂದ ಮರಕ್ಕೆ 9 ಅಡಿ ಗಾಳಿ ಬೆಳಕು ಸಿಗಬೇಕಾದರೆ ಮೊದಲು ಹೇಳಿದ 65ಕ್ಕೆ 60ರ ಇಳಿಜಾರಿನಲ್ಲಿ ಓರೆಯ ಮೇಲೆ 9 ಅಡಿ 9 ಇಂಚಿಗೆ ಗುಂಡಿ ತೆಗೆಯಬೇಕು.

ಕೊಡಚಾದ್ರಿ ದಾರಿ

ಲಂಬಕೋನ ತ್ರಿಭುಜ ನೆಲ ಬಿಟ್ಟು ಇನ್ನೂ ದೊಡ್ಡದಕ್ಕೂ ಬರುತ್ತೆ. ಕೊಡಚಾದ್ರಿ ಎತ್ತರ 1343 ಮೀಟರ್. ತುದಿಯಲ್ಲಿ ನಿಂತು ದಿಗಂತ ನೋಡುವಾಗ ನಮ್ಮ ನೋಟ ಭೂಮಿಗೆ ಸ್ಪರ್ಶಕ. ಆ ಸ್ಪರ್ಶಬಿಂದುವಿನಿಂದ ಭೂಮಿಯ ನಡುಮಧ್ಯಕ್ಕೆ ಎಳೆದ ಗೆರೆ ನೋಟಕ್ಕೆ ಲಂಬ. ಭೂಮಿಯ ತ್ರಿಜ್ಯ 6371 ಕಿಲೋಮೀಟರ್ ಹಿಡಿದರೆ ದಿಗಂತ ಸುಮಾರು 131 ಕಿಲೋಮೀಟರ್ ದೂರ. ಹವೆ ತಿಳಿಯಾಗಿದ್ದ ಸಂಜೆ ಸೂರ್ಯ ಮುಳುಗೋದು ಅರಬ್ಬೀ ಸಮುದ್ರದ ಒಳಗೆ ಅಷ್ಟು ದೂರದ ಗೆರೆಯಲ್ಲಿ.

ತುಂಗಾತೀರ

ಹುಡುಗಿಗೆ ಒಂದು ಲೆಕ್ಕ ಕೊಡೋಣ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿದೆ, ನಮ್ಮ ಕಾಡಿಗೆ ಹೇಳಿ ಮಾಡಿಸಿದಂಥದ್ದು. 32 ಮೊಳದ ಬಿದಿರು ಗಾಳಿಗೆ ಒಂದು ಕಡೆ ಮುರಿದು, ತುದಿ ಬಾಗಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿದೆ. ಎಷ್ಟು ಎತ್ತರದಲ್ಲಿ ಮುರಿಯಿತು?

ಅವರ ದಾರಿಯಲ್ಲಿ ಸಮೀಕರಣವನ್ನೇ ಬರೆಯಬೇಕಿಲ್ಲ. ದೂರದ ವರ್ಗ 256, ಅದನ್ನು 32ರಿಂದ ಭಾಗಿಸಿದರೆ 8. 32ರಲ್ಲಿ 8 ಕಳೆದು ಅರ್ಧ ಮಾಡಿದರೆ 12, ಕೂಡಿಸಿ ಅರ್ಧ ಮಾಡಿದರೆ 20. ನಿಂತ ತುಂಡು 12, ಬಾಗಿದ್ದು 20. 12, 16, 20: ಮೇಲೆ ಗಾರೆಕೆಲಸದವರು ದಾರ ಹಿಡಿಯಲು ಹೇಳಿದ ಅಳತೆಯೇ. ಇದು ಯಾಕೆ ಬರುತ್ತದೆ ಎಂದು ಅವಳೇ ಕಂಡುಕೊಳ್ಳಲಿ. ಸುಳಿವು ಒಂದೇ: ಎರಡು ವರ್ಗಗಳ ವ್ಯತ್ಯಾಸ ಅಂದರೆ ಮೊತ್ತ ಗುಣಿಸು ವ್ಯತ್ಯಾಸ.

ಸೊರಬದ ಹುಡುಗಿ

ಅಡಿಕೆ ಮರಕ್ಕೆ ಈ ಲೆಕ್ಕ ಹೊಂದಲ್ಲ, ಅದು ಮುರಿದರೆ ಪಟ್ಟಂತ ತುಂಡಾಗಿ ಬೇರೆಯೇ ಬೀಳುತ್ತೆ. ಬಿದಿರು ಸೀಳಿಕೊಂಡು ಅಂಟಿಕೊಂಡೇ ಬಾಗುತ್ತೆ, ಅದಕ್ಕೇ ಭಾಸ್ಕರಾಚಾರ್ಯರ ಲೆಕ್ಕ ನಂಬೋ ಹಾಗಿದೆ.

ಇನ್ನೊಂದು ಮಾತು. ಪೂರ್ಣ ಸಂಖ್ಯೆ ಸಿಗದ ಕಡೆ ಶುಲ್ಬಸೂತ್ರದವರು ಕೈಚೆಲ್ಲಿ ಕೂರಲಿಲ್ಲ. 9 ಅಡಿ ಚೌಕದಲ್ಲಿ ನಾಲ್ಕು ಅಡಿಕೆ ಗಿಡ ಇದ್ದು ನಡುಮಧ್ಯ ಕೋಕೋ ಹಾಕಬೇಕು ಅಂದ್ರೆ ಓರೆಯ ಉದ್ದ ಬೇಕು, ಅದು 9 ಗುಣಿಸು √2. ಬೌಧಾಯನ √2ಕ್ಕೆ ಕೊಟ್ಟದ್ದು: ಒಂದು, ಅದಕ್ಕೆ ಮೂರನೇ ಒಂದು ಭಾಗ ಸೇರಿಸು, ಆ ಭಾಗದ ನಾಲ್ಕನೇ ಒಂದು ಸೇರಿಸು, ಆ ಕೊನೆಯದರ 34ನೇ ಒಂದು ಕಳೆ. ಅಂದರೆ 577/408. ಅದರ ಪ್ರಕಾರ ಓರೆ 12 ಅಡಿ 8¾ ಇಂಚು, ಕೋಕೋ ಗುಂಡಿ ಪ್ರತಿ ಅಡಿಕೆಯಿಂದ 6 ಅಡಿ 4⅜ ಇಂಚು. ನಿಜವಾದ √2ಕ್ಕೂ ಇದಕ್ಕೂ 9 ಅಡಿಯ ಚೌಕದಲ್ಲಿ ಬರೋ ವ್ಯತ್ಯಾಸ ಒಂದು ತಲೆಗೂದಲಿನ ದಪ್ಪಕ್ಕಿಂತ ಕಮ್ಮಿ.

ಹೊಸನಗರ ತೋಟ

ಇವತ್ತು ಮೇಸ್ತ್ರಿಗೆ ಹೇಳಿ 12-16-20 ಹಿಡಿದು ಇನ್ನೊಮ್ಮೆ ಮೂಲೆ ನೋಡಿಸಿದೆ. ಆಮೇಲೆ ಎದುರುಬದುರು ಗೋಡೆ, ಆಮೇಲೆ ಎರಡೂ ಕ್ರಾಸ್. ಟೇಪಿನ ಒಂದು ತುದಿ ಮಗಳ ಕೈಯಲ್ಲೇ ಇತ್ತು. ಎರಡೂ 50 ಅಡಿಗೆ ಕೂತವು, ಪಾಯ ತೋಡೋಕೆ ಶುರು ಮಾಡಿದಾರೆ.

ಈಗ ಮಾಡಿನ ಪ್ರಶ್ನೆ. ಹೆಂಚಿನ ಮಾಡು, 30 ಅಡಿ ಅಗಲಕ್ಕೆ ಎರಡು ಇಳಿಜಾರು. ಗೋಡೆ ಮಟ್ಟದಿಂದ ನೆತ್ತಿ 8 ಅಡಿ ಮೇಲೆ ಅಂತ ಮಾತಾಗಿದೆ. ಪಕಾಸಿಗೆ (ನೆತ್ತಿಯಿಂದ ಸೂರಿಗೆ ಇಳಿಯೋ ಓರೆ ಮರ) ಎಷ್ಟು ಉದ್ದದ ಮರ ತರಿಸಬೇಕು?

ಕೊಪ್ಪದ ಬಡಗಿ

30ರ ಅರ್ಧ 15. 15, ಎತ್ತರ 8. ಮೇಲೆ ಬೌಧಾಯನರ ಪಟ್ಟಿಯಲ್ಲಿ ಬಂದ 15-8 ಅದೇ, ಓರೆ 17 ಅಡಿ. ಆದರೆ ಅದು ಗೋಡೆ ತನಕ ಮಾತ್ರ. ಸೂರು ಹೊರಗೆ ಚಾಚಬೇಕಲ್ಲ, ಮಲೆನಾಡಿನ ಮಳೆಗೆ ಗೋಡೆ ಉಳೀಬೇಕು ಅಂದರೆ 3 ಅಡಿ ಆದ್ರೂ ಚಾಚಿಸಿ. ಸಮತಟ್ಟಾಗಿ 3 ಅಡಿ ಅಂದ್ರೆ ಓರೆಯಲ್ಲಿ 3 ಗುಣಿಸು 17, ಭಾಗಿಸು 15: 3 ಅಡಿ 5 ಇಂಚು ಹಿಡೀರಿ. ಒಟ್ಟು 20 ಅಡಿ 5 ಇಂಚು. ತುದಿ ಕತ್ತರಿಸೋಕೆ ಸ್ವಲ್ಪ ಬೇಕು, 21 ಅಡಿ ಮರ ಹೇಳಿ.

ನನ್ನ ಕೇಳಿದರೆ 8 ಅಡಿ ಎತ್ತರ ಸ್ವಲ್ಪ ಕಮ್ಮಿ. 8ಕ್ಕೆ 15 ಅಂದರೆ ಇಳಿಜಾರು 28 ಡಿಗ್ರಿ. ಗಾಳಿ ಮಳೆ ನೇರ ಹೊಡೆಯೋ ಕಡೆ ಹೆಂಚಿನ ಸಂದಿಯಲ್ಲಿ ನೀರು ಹಿಂದಕ್ಕೆ ನುಗ್ಗುತ್ತೆ. ನೆತ್ತಿ 10 ಅಡಿ ಮಾಡಿದರೆ ಸುಮಾರು 34 ಡಿಗ್ರಿ, ಗೋಡೆ ತನಕ ಓರೆ 18 ಅಡಿ ಕಾಲು ಇಂಚು ಚಿಲ್ಲರೆ, ಚಾಚು ಸೇರಿ 21 ಅಡಿ 8 ಇಂಚು. ಮರಕ್ಕೆ ಒಂದೂಕಾಲು ಅಡಿ ಹೆಚ್ಚು ಬೀಳುತ್ತೆ, ಹೆಂಚೂ ಸ್ವಲ್ಪ ಜಾಸ್ತಿ. ಒಳಗೆ ಅಡಿಕೆ ಬೇಯಿಸೋದಾದರೆ ಹೊಗೆ ಮೇಲೆ ಹೋಗೋಕೂ ಜಾಗ ಸಿಗುತ್ತೆ.

ಯಾವುದು ಮಾಡಿದ್ರೂ ಎಲ್ಲಾ ಪಕಾಸು ಒಟ್ಟಿಗೆ ಕತ್ತರಿಸಬೇಡಿ. ಮೊದಲು ಒಂದು ಜೋಡಿ ಕತ್ತರಿಸಿ ನೆಲದ ಮೇಲೇ ಕೂಡಿಸಿ. ಗೋಡೆ ಕೂರೋ ಜಾಗಕ್ಕೆ ಗುರುತು ಹಾಕಿ, ಆ ಗುರುತಿನಿಂದ ಈ ಗುರುತಿಗೆ 30 ಅಡಿ ದಾರ ಎಳೀರಿ. ದಾರದ ನಡುವಿನಿಂದ ನೆತ್ತಿಗೆ ನಿಮ್ಮ ಎತ್ತರ ಬರಬೇಕು, ದಾರಕ್ಕೆ ಮೂಲೆಮಟ್ಟ ಇಟ್ಟರೆ ನೇರ ನಿಲ್ಲಬೇಕು. ಬಂದರೆ ಅದನ್ನೇ ಅಚ್ಚಾಗಿಟ್ಟುಕೊಂಡು ಉಳಿದದ್ದು ಕತ್ತರಿಸಿ. ಮಗಳನ್ನೂ ಕರೀರಿ, ದಾರದ ಒಂದು ತುದಿ ಅವಳೇ ಹಿಡಿಯಲಿ.